ಸಣ್ಣ ಕಾರು ಕೊಳ್ಳುವ ಮುನ್ನ: ದಾವಣಗೆರೆ, ದುರ್ಗದ ನೀರು, ದೂಳು, ದಾರಿಗೆ ತಕ್ಕ ಪರೀಕ್ಷೆ

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರು ಮೊದಲು ಕೇಳುವುದೇ "ಎಷ್ಟು ಕಿಲೋಮೀಟರ್ ಓಡಿದೆ?" ಎಂದು. ದಾವಣಗೆರೆ, ಚಿತ್ರದುರ್ಗದ ಸೀಮೆಯಲ್ಲಿ ಅದಕ್ಕಿಂತ ಮುಖ್ಯವಾದ ಪ್ರಶ್ನೆಗಳು ಎರಡು: ಯಾವ ದಾರಿಯಲ್ಲಿ ಓಡಿದೆ, ರೇಡಿಯೇಟರಿಗೆ ಯಾವ ನೀರು ಬಿದ್ದಿದೆ. ಹೆದ್ದಾರಿಯಲ್ಲೇ ಎಂಬತ್ತು ಸಾವಿರ ಕಿ.ಮೀ. ಓಡಿ ಹೊತ್ತಿಗೆ ಸರಿಯಾಗಿ ಸರ್ವಿಸ್ ಕಂಡ ವ್ಯಾಗನ್ ಆರ್ ಗಟ್ಟಿಯಾಗಿರಬಹುದು. ಜಗಳೂರು, ಮೊಳಕಾಲ್ಮೂರು ಕಡೆಯ ಹೊಲದ ದಾರಿಯಲ್ಲಿ ಮೂವತ್ತು ಸಾವಿರ ಓಡಿ, ಬೋರ್‌ವೆಲ್ ನೀರು ಕುಡಿದ ಆಲ್ಟೊ ಒಳಗಿನಿಂದ ಸವೆದು ಹೋಗಿರಬಹುದು. ಮೀಟರಿನ ಅಂಕಿಯನ್ನು ತಿರುಗಿಸಬಹುದು, ಈ ಸವಕಳಿಯನ್ನು ಮುಚ್ಚಿಡುವುದು ಕಷ್ಟ. ಎಲ್ಲಿ ನೋಡಬೇಕು ಎಂದು ಗೊತ್ತಿದ್ದರೆ ಸಾಕು.

ನೋಡಲು ಬೆಳಿಗ್ಗೆ ಹೋಗಿ, ಎಂಜಿನ್ ರಾತ್ರಿಯಿಡೀ ತಣ್ಣಗಿದ್ದಾಗ. "ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ" ಎಂದು ಮೊದಲೇ ಹೇಳಿಡಿ. ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ. ಬಿಸಿಯಿದ್ದರೆ ಏನನ್ನೋ ಮರೆಸಲು ಮೊದಲೇ ಓಡಿಸಿದ್ದಾರೆ ಎಂದುಕೊಂಡು ಇನ್ನೊಂದು ದಿನ ಬರುವುದು ಒಳ್ಳೆಯದು. ಕೈಯಲ್ಲಿ ಒಂದು ಟಾರ್ಚ್, ಬಟ್ಟೆಯಲ್ಲಿ ಸುತ್ತಿದ ಸಣ್ಣ ಅಯಸ್ಕಾಂತ, ಬಿಳಿ ಬಟ್ಟೆ, ಮಲ್ಟಿಮೀಟರ್, ಕಾರಿನ ಕಂಪ್ಯೂಟರಿನಿಂದ ದೋಷದ ಮಾಹಿತಿ ಓದಿ ಮೊಬೈಲಿನಲ್ಲಿ ತೋರಿಸುವ ಓಬಿಡಿ ಸ್ಕ್ಯಾನರ್ ಇರಲಿ. ನೆಲಕ್ಕೆ ಹಾಸಿ ಮಲಗಲು ಹಳೆಯ ಚೀಲವೊಂದು ಬೇಕು. ಕಾರಿನ ಅಡಿಗೆ ಇಣುಕದೆ ಈ ಭಾಗದಲ್ಲಿ ಕಾರು ಕೊಳ್ಳಬಾರದು.

ಕೀ ತಿರುಗಿಸುವ ಮುನ್ನ, ತಿರುಗಿಸಿದ ಮೇಲೆ

ಮೊದಲು ಆಯಿಲ್ ಕಡ್ಡಿ ಎಳೆದು ಬಿಳಿ ಬಟ್ಟೆಗೆ ಒರೆಸಿ. ಕಪ್ಪಾಗಿದ್ದರೆ ಚಿಂತೆಯಿಲ್ಲ. ಹಾಲು ಬೆರೆಸಿದ ಕಾಫಿಯ ಬಣ್ಣ ಇದ್ದರೆ ಆಯಿಲ್‌ಗೆ ನೀರು ಸೇರಿದೆ ಎಂದರ್ಥ, ಆ ಕಾರು ಅಲ್ಲಿಗೆ ಬಿಡಿ. ಆಯಿಲ್ ಕೆಳಗಿನ ಗುರುತಿಗಿಂತ ಇಳಿದಿದ್ದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ, ಇಲ್ಲವೇ ನೋಡಿಕೊಳ್ಳುವವರು ಇರಲಿಲ್ಲ.

ಕೀ ಆನ್ ಮಾಡಿ, ಸ್ಟಾರ್ಟ್ ಮಾಡದೆ ಡ್ಯಾಶ್‌ಬೋರ್ಡಿನ ದೀಪಗಳನ್ನು ನೋಡಿ. ಎಂಜಿನ್, ಎಬಿಎಸ್ (ಜೋರು ಬ್ರೇಕಿಗೆ ಚಕ್ರ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ), ಏರ್‌ಬ್ಯಾಗ್, ಆಯಿಲ್, ಬ್ಯಾಟರಿ ದೀಪಗಳೆಲ್ಲ ಹೊತ್ತಿಕೊಳ್ಳಬೇಕು. ಎಬಿಎಸ್, ಏರ್‌ಬ್ಯಾಗ್ ದೀಪಗಳು ಕೆಲವು ಸೆಕೆಂಡಿನಲ್ಲಿ ಆರಬೇಕು, ಉಳಿದವು ಎಂಜಿನ್ ಸ್ಟಾರ್ಟ್ ಆದ ಮೇಲೆ. ಆರದಿದ್ದರೆ ದೋಷ ಇದೆ ಎಂದು ಎಲ್ಲರಿಗೂ ಗೊತ್ತು. ಹೊತ್ತಿಕೊಳ್ಳದೇ ಇದ್ದರೆ ಅದು ಇನ್ನೂ ಕೆಟ್ಟದ್ದು: ಅಪಘಾತದಲ್ಲಿ ಏರ್‌ಬ್ಯಾಗ್ ಬಿಚ್ಚಿಕೊಂಡ ಕಾರಿಗೆ ಹೊಸದು ಹಾಕಿಸದೆ ದೀಪದ ಸಂಪರ್ಕವನ್ನೇ ಕಿತ್ತಿರಬಹುದು. ಸ್ಟಿಯರಿಂಗ್ ನಡುವಿನ ಮುಚ್ಚಳದ ಬಣ್ಣ ಸುತ್ತಲಿನದಕ್ಕಿಂತ ಹೊಸದಾಗಿ ಕಂಡರೂ ಇದೇ ಅನುಮಾನ.

ಈಗ ಸ್ಟಾರ್ಟ್ ಮಾಡಿಸಿ, ನೀವು ಸೈಲೆನ್ಸರ್ ಬಳಿ ನಿಲ್ಲಿ. ಸ್ಟಾರ್ಟ್ ಆದ ಕ್ಷಣ ಒಂದು ಗುಟುಕು ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲಿನ ರಬ್ಬರ್ ಒಣಗಿ ಬಿರುಸಾಗಿ ಆಯಿಲ್ ಜಿನುಗುತ್ತಿದೆ. ಓಡುವಾಗ, ಏರಿನಲ್ಲಿ ಆಕ್ಸಲರೇಟರ್ ಒತ್ತಿದಾಗಲೂ ನೀಲಿ ಬಂದರೆ ಪಿಸ್ಟನ್ ರಿಂಗ್ ಸವೆದಿದೆ, ಆ ಖರ್ಚು ದೊಡ್ಡದು. ಚಳಿಗಾಲದ ಬೆಳಿಗ್ಗೆ ಬಿಳಿ ಆವಿ ಸಹಜ. ಎಂಜಿನ್ ಬಿಸಿಯಾದ ಮೇಲೂ ಸಿಹಿ ವಾಸನೆಯ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಉರಿಯುತ್ತಿದೆ. ಐಡಲಿಂಗಿನಲ್ಲಿ (ಕಾರು ನಿಂತಿದ್ದು ಎಂಜಿನ್ ಮಾತ್ರ ಓಡುವಾಗ) ಆಯಿಲ್ ಮುಚ್ಚಳ ತೆಗೆದು ನೋಡಿ: ಸ್ವಲ್ಪ ಗಾಳಿ ಸರಿ, ಹೊಗೆಯ ಜೊತೆ ರಭಸವಾಗಿ ಉಸಿರು ಬಿಟ್ಟಂತೆ ಬಂದರೆ ರಿಂಗ್‌ನದೇ ದೂರು.

ಆಲ್ಟೊ, ಸೆಲೆರಿಯೊ, ಕ್ವಿಡ್, ಟಿಯಾಗೊ, ವ್ಯಾಗನ್ ಆರ್ 1.0 ಇವೆಲ್ಲ ಮೂರು ಸಿಲಿಂಡರಿನ ಎಂಜಿನ್‌ಗಳು. ನಿಂತಲ್ಲಿ ಸಣ್ಣಗೆ ನಡುಗುವುದು ಅವುಗಳ ಗುಣ, ದೋಷವಲ್ಲ. ಎಸಿ ಹಾಕಿದಾಗ, ರಿವರ್ಸ್ ಗೇರಿನಲ್ಲಿ ಸ್ಟಿಯರಿಂಗ್ ಕೈಯಲ್ಲೇ ಅದುರುವಷ್ಟು ನಡುಕ ಬಂದರೆ ಎಂಜಿನ್ ಮೌಂಟ್ ಹೋಗಿದೆ. ಹಳೆಯ ಆಲ್ಟೊ 800, 1.1 ಲೀಟರಿನ ಐ10 ತೆಗೆದುಕೊಳ್ಳುವವರು ಎಂಜಿನ್ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವ ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದೆಂದು ಬಿಲ್ ಸಮೇತ ಕೇಳಬೇಕು. ಬಿಲ್ ಇಲ್ಲವೆಂದರೆ ಬದಲಾಗಿಲ್ಲ ಎಂದೇ ಲೆಕ್ಕ, ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಮಾರುತಿಯ ಕೆ10 ಎಂಜಿನ್‌ಗಳಲ್ಲಿ ಬೆಲ್ಟಿನ ಬದಲು ಚೈನ್ ಇರುತ್ತದೆ, ಅಲ್ಲಿ ಈ ಪ್ರಶ್ನೆ ಬರುವುದಿಲ್ಲ.

ನೀರಿನ ಕಥೆ

ಈ ಭಾಗದ ಬೋರ್‌ವೆಲ್ ನೀರು ಗಡಸು. ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಕೂಲಂಟ್ ಬದಲು ಬರೀ ನೀರು ಹಾಕಿದರೆ ತುಕ್ಕು ತಡೆಯುವ ರಾಸಾಯನಿಕವೂ ಇಲ್ಲದೆ ಅಲ್ಯೂಮಿನಿಯಂ ಹೆಡ್, ವಾಟರ್ ಪಂಪು ಎರಡೂ ತಿನ್ನಿಸಿಕೊಳ್ಳುತ್ತವೆ. ಡಿಸೆಂಬರಿನಲ್ಲಿ ಇದು ಗೊತ್ತಾಗುವುದೇ ಇಲ್ಲ. ಮೇ ತಿಂಗಳ ಮಧ್ಯಾಹ್ನ ಐದು ಜನ ಕೂತು ಎಸಿ ಹಾಕಿಕೊಂಡು ಹೊರಟಾಗ ಎಂಜಿನ್ ಕುದಿಯುತ್ತದೆ, ಎಂಜಿನ್ ಹೆಡ್ಡಿನ ಕೆಳಗೆ ಸೋರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ.

ಎಂಜಿನ್ ತಣ್ಣಗಿರುವಾಗ ಮಾತ್ರ ರೇಡಿಯೇಟರ್ ಮುಚ್ಚಳ ತೆಗೆಯಿರಿ. ಬಿಸಿಯಿದ್ದಾಗ ತೆಗೆದರೆ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಒಳಗೆ ಹಸಿರು, ನೀಲಿ ಅಥವಾ ಕೆಂಪು ಬಣ್ಣದ ತಿಳಿಯಾದ ದ್ರವ ಇರಬೇಕು. ಟೀ ಬಣ್ಣದ ನೀರಿದ್ದರೆ ಒಳಗೆ ತುಕ್ಕು. ಬಣ್ಣವೇ ಇಲ್ಲದಿದ್ದರೆ ನಲ್ಲಿ ನೀರು ಸುರಿದಿದ್ದಾರೆ. ಹೋಸ್ ಪೈಪುಗಳ ಕೊರಳಲ್ಲಿ ಬಿಳಿ ಪುಡಿ ಅಂಟಿದ್ದರೆ ಅಲ್ಲಿಂದ ಗಡಸು ನೀರು ಜಿನುಗಿ ಒಣಗಿದೆ. ಮುಚ್ಚಳದ ಅಡಿಯಲ್ಲಿ ಎಣ್ಣೆಯ ಜಿಡ್ಡು ಇದ್ದರೆ ಮಾತು ಮುಂದುವರಿಸುವುದೇ ಬೇಡ.

ಈ ಕಡೆ ಕಾಣುವ ಇನ್ನೊಂದು ಕೆಟ್ಟ ರೂಢಿ ಎಂದರೆ ಬಿಸಿಯಾಗುವ ಕಾರಿನ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವ ತನಕ ರೇಡಿಯೇಟರಿಗೆ ನೀರು ಬಿಡದ ಕವಾಟ) ಅನ್ನೇ ತೆಗೆದು ಹಾಕುವುದು. ಆಗ ಕುದಿಯುವುದು ನಿಂತಂತೆ ಕಾಣುತ್ತದೆ, ರೋಗ ಮಾತ್ರ ಹಾಗೇ ಇರುತ್ತದೆ. ಎಂಜಿನ್ ಸರಿಯಾದ ಬಿಸಿಗೆ ಬಾರದೆ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ, ಬೇಗ ಸವೆಯುತ್ತದೆ. ಪತ್ತೆ ಮಾಡುವುದು ಸುಲಭ: ಸ್ಟಾರ್ಟ್ ಮಾಡಿದ ಮೇಲೆ ರೇಡಿಯೇಟರಿನ ಮೇಲಿನ ಹೋಸ್ ಮುಟ್ಟುತ್ತಿರಿ. ಕೆಲವು ನಿಮಿಷ ಅದು ತಣ್ಣಗೇ ಇದ್ದು, ಆಮೇಲೆ ಬೇಗನೆ ಬಿಸಿಯೇರಬೇಕು. ಮೊದಲ ನಿಮಿಷದಿಂದಲೇ ನಿಧಾನಕ್ಕೆ ಬೆಚ್ಚಗಾಗುತ್ತ ಹೋದರೆ ಥರ್ಮೋಸ್ಟಾಟ್ ಇಲ್ಲ, ಇಲ್ಲವೇ ತೆರೆದೇ ಸಿಕ್ಕಿಕೊಂಡಿದೆ.

ಇಪ್ಪತ್ತು ನಿಮಿಷ ಎಸಿ ಇಲ್ಲದೆ ಐಡಲಿಂಗಿನಲ್ಲಿ ಬಿಡಿ. ಫ್ಯಾನ್ ತಾನಾಗಿ ಶುರುವಾಗಿ, ತಾನಾಗಿ ನಿಲ್ಲಬೇಕು. ಎಸಿ ಹಾಕಿದರೆ ಫ್ಯಾನ್ ಹೇಗೂ ತಿರುಗುವುದರಿಂದ ಪರೀಕ್ಷೆ ಕೆಡುತ್ತದೆ. ಹಲವು ಸಣ್ಣ ಕಾರುಗಳಲ್ಲಿ ಟೆಂಪರೇಚರ್ ಮುಳ್ಳೇ ಇಲ್ಲ, ದೀಪ ಮಾತ್ರ. ದೀಪ ಕೆಂಪಾಗುವ ಹೊತ್ತಿಗೆ ತಡವಾಗಿರುತ್ತದೆ. ಓಬಿಡಿ ಸ್ಕ್ಯಾನರ್ ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ: ಕೂಲಂಟಿನ ಬಿಸಿ 85ರಿಂದ 100 ಡಿಗ್ರಿಯೊಳಗೆ ಆಡುತ್ತಿರಬೇಕು. ಅದೇ ಸ್ಕ್ಯಾನರಿನಲ್ಲಿ ದೋಷದ ಕೋಡ್‌ಗಳ ಜೊತೆ "ರೆಡಿನೆಸ್ ಮಾನಿಟರ್" (ಕಾರು ತನ್ನ ಭಾಗಗಳನ್ನು ತಾನೇ ಪರೀಕ್ಷಿಸಿ ಮುಗಿಸಿದೆಯೇ ಎಂದು ತೋರಿಸುವ ಪಟ್ಟಿ) ಎಂಬುದನ್ನೂ ತೆರೆಯಿರಿ. ಕೋಡ್ ಒಂದೂ ಇಲ್ಲ, ಆದರೆ ಮಾನಿಟರ್‌ಗಳೆಲ್ಲ "ಅಪೂರ್ಣ" ಎಂದು ತೋರಿಸಿದರೆ ನೀವು ಬರುವ ಮುನ್ನ ಯಾರೋ ಕೋಡ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಕಳಚಿದ್ದಾರೆ.

ಬ್ಯಾಟರಿಗೆ ಮಲ್ಟಿಮೀಟರ್ ಹಿಡಿಯುವುದು ಒಂದು ನಿಮಿಷದ ಕೆಲಸ: ಎಂಜಿನ್ ನಿಂತಾಗ ಸುಮಾರು 12.6 ವೋಲ್ಟ್, ಓಡುವಾಗ 13.8ರಿಂದ 14.5.

ದೂಳು, ಹುಲ್ಲು, ಇಲಿ

ಏರ್ ಫಿಲ್ಟರ್ ಪೆಟ್ಟಿಗೆ ಬಿಚ್ಚಿಸಿ. ಫಿಲ್ಟರ್ ಕೊಳೆಯಾಗಿದ್ದರೆ ಅದೇನೂ ದೊಡ್ಡದಲ್ಲ, ಹೊಸದು ಹಾಕಿಸಬಹುದು. ನೋಡಬೇಕಾದ್ದು ಫಿಲ್ಟರ್ ದಾಟಿದ ಮೇಲಿನ ಭಾಗವನ್ನು. ಆ ಪೈಪಿನ ಒಳಮೈಗೆ ಬೆರಳು ಆಡಿಸಿ. ಕೆಂಪು ದೂಳು ಅಂಟಿದರೆ ಅಗ್ಗದ ಫಿಲ್ಟರ್ ಹಾಕಿದ್ದಾರೆ, ಅಥವಾ ಕ್ಲಿಪ್ ಸರಿಯಾಗಿ ಕೂತಿಲ್ಲ. ದೂಳು ನೇರ ಸಿಲಿಂಡರಿಗೆ ಹೋಗಿ ರಿಂಗ್ ಉಜ್ಜಿದೆ. ಭೀಮಸಮುದ್ರ, ಹೊಳಲ್ಕೆರೆ ಕಡೆ ಅದಿರು ಲಾರಿ ಓಡಾಡುವ ರಸ್ತೆಗಳಲ್ಲಿ ದಿನವೂ ಓಡಿದ ಕಾರಿಗೆ ಈ ಪರೀಕ್ಷೆ ತಪ್ಪಿಸಲೇಬೇಡಿ. ಅನುಮಾನವಿದ್ದರೆ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಸಿಲಿಂಡರ್‌ಗಳ ನಡುವೆ ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು.

ಈಗ ಚೀಲ ಹಾಸಿ ಅಡಿಗೆ ಇಣುಕಿ. ಸುಗ್ಗಿಯಲ್ಲಿ ನಮ್ಮ ಹಳ್ಳಿ ರಸ್ತೆಗಳೇ ಕಣಗಳಾಗುತ್ತವೆ. ರಾಗಿ, ಹುರುಳಿ, ತೊಗರಿ ರಸ್ತೆಗೆ ಹರವಿ ವಾಹನಗಳಿಂದಲೇ ಒಕ್ಕಿಸುತ್ತಾರೆ. ಹುರುಳಿ ಬಳ್ಳಿ ಹಗ್ಗದಂತೆ ಚಕ್ರ ತಿರುಗಿಸುವ ಡ್ರೈವ್ ಶಾಫ್ಟಿಗೆ ಸುತ್ತಿಕೊಂಡು ಅದರ ಜಾಯಿಂಟ್ ಮುಚ್ಚಿರುವ ರಬ್ಬರ್ ಬೂಟನ್ನೂ ಗೇರ್‌ಬಾಕ್ಸಿನ ಆಯಿಲ್ ಸೀಲನ್ನೂ ಹರಿಯುತ್ತದೆ. ಒಣ ಹುಲ್ಲು ಬಿಸಿ ಸೈಲೆನ್ಸರಿಗೆ ತಾಗಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಮುಂದಿನ ಎರಡೂ ಚಕ್ರಗಳ ಹಿಂದೆ ಟಾರ್ಚ್ ಬಿಡಿ: ಶಾಫ್ಟಿಗೆ ಸುತ್ತಿದ ನಾರು, ಹರಿದ ಬೂಟು, ರಿಮ್ಮಿನ ಒಳಮೈಗೆ ಸಿಡಿದ ಕಪ್ಪು ಗ್ರೀಸ್, ಗೇರ್‌ಬಾಕ್ಸ್ ಪಕ್ಕ ತೊಟ್ಟಿಕ್ಕಿದ ಎಣ್ಣೆ. ಬೂಟು ಹರಿದದ್ದು ಮೊದಲೇ ಕಂಡರೆ ಕೆಲವು ನೂರು ರೂಪಾಯಿಯ ಕೆಲಸ. ಒಳಗೆ ಮಣ್ಣು ಸೇರಿ ಜಾಯಿಂಟ್ ಹೋದರೆ ಸಾವಿರಗಳಲ್ಲಿ. ಪೂರ್ತಿ ಸ್ಟಿಯರಿಂಗ್ ತಿರುಗಿಸಿ ನಿಧಾನಕ್ಕೆ ಹೊರಟಾಗ "ಟಕ್ ಟಕ್" ಎಂದರೆ ಜಾಯಿಂಟ್ ಆಗಲೇ ಹೋಗಿದೆ.

ಅಡಿಯಲ್ಲೇ ಆಯಿಲ್ ಸಂಪ್, ಕ್ರಾಸ್ ಮೆಂಬರ್ ನೋಡಿ. ಟ್ರ್ಯಾಕ್ಟರ್ ಓಡಿದ ದಾರಿಯ ನಡುದಿಬ್ಬ ಕೆರೆದ ಗಾಯಗಳು ಉದ್ದುದ್ದಕ್ಕೆ ಕಾಣುತ್ತವೆ. ವ್ಯಾಗನ್ ಆರ್‌ನ ನೆಲದೆತ್ತರ 165 ಮಿ.ಮೀ., ಟಿಯಾಗೊದ್ದು 170. ಐದು ಜನ ಕೂತರೆ ಇದು ಇನ್ನೂ ಇಳಿಯುತ್ತದೆ. ಇಲ್ಲಿನ ಒಣಹವೆಯ ಕಾರುಗಳಿಗೆ ತುಕ್ಕು ಕಡಿಮೆ. ಶಿವಮೊಗ್ಗದಾಚೆ ಮಲೆನಾಡಿನಿಂದ ಬಂದ ಕಾರಾದರೆ ಬಾಗಿಲಿನ ತಳ, ಹಿಂದಿನ ಚಕ್ರದ ಕಮಾನು, ಸ್ಟೆಪ್ನಿ ಗುಂಡಿ ಇವನ್ನು ತಪ್ಪದೆ ನೋಡಿ.

ಮೆಕ್ಕೆಜೋಳ, ಭತ್ತದ ಗೋದಾಮಿನ ಪಕ್ಕ ನಿಲ್ಲಿಸಿದ ಕಾರಿನಲ್ಲಿ ಇಲಿ ಗೂಡು ಕಟ್ಟುತ್ತದೆ. ಬಾನೆಟ್ ಒಳಗಿನ ಶಬ್ದ ತಡೆಯುವ ಹಾಸು ಕಡಿದಿದೆಯೇ, ವೈರಿಗೆ ಟೇಪ್ ಸುತ್ತಿದ ಜಾಗಗಳು ಎಷ್ಟಿವೆ ನೋಡಿ. ಬ್ಲೋವರ್ ಹಾಕಿದ ಕೂಡಲೇ ಇಲಿ ಮೂತ್ರದ ನಾತ ಬಂದರೆ ಒಳಗಿನ ವೈರಿಂಗೂ ಕಡಿದಿರುವ ಸಂಭವ ಹೆಚ್ಚು. ಇಂಥ ಕಾರಿನ ದೋಷ ಒಂದು ದಿನ ಬರುತ್ತದೆ, ಒಂದು ದಿನ ಇಲ್ಲ. ಹುಡುಕಿ ಹುಡುಕಿ ಮೆಕ್ಯಾನಿಕ್ ಕೂಡ ಸುಸ್ತಾಗುತ್ತಾನೆ.

ಅಪಘಾತ, ಮುಳುಗಡೆ, ಹಳದಿ ಬೋರ್ಡು

ಬಣ್ಣ ಹೊಡೆಸಿದ್ದೆಲ್ಲ ದೋಷವಲ್ಲ. ಊರೊಳಗೆ ಬೈಕ್ ಉಜ್ಜಿದ ಬಾಗಿಲಿಗೆ ಬಣ್ಣ ಹೊಡೆಸುವುದು ಸಹಜ. ಗಮನ ಇರಬೇಕಾದ್ದು ರಚನೆಯ ಮೇಲೆ. ಬಾನೆಟ್ ಎತ್ತಿ ಎರಡೂ ಬದಿಯ ಚಾಸಿಸ್ ತೊಲೆ, ಸಸ್ಪೆನ್ಷನ್ ಮೇಲಿನ ಗುಂಬ, ಮುಂದಿನ ಅಡ್ಡಪಟ್ಟಿ ನೋಡಿ. ಕಾರ್ಖಾನೆಯ ವೆಲ್ಡಿಂಗ್ ಎಂದರೆ ಸಮಾನ ದೂರದಲ್ಲಿ ದುಂಡನೆಯ ಸಣ್ಣ ತಗ್ಗುಗಳು. ಕೈವೆಲ್ಡಿಂಗಿನ ಉಬ್ಬುಗೆರೆ, ಸುಕ್ಕು, ಒಂದು ಬದಿ ಮಾತ್ರ ಬೇರೆ ಬಣ್ಣದ ಸೀಲಂಟ್ ಕಂಡರೆ ಕಾರು ಜೋರಾಗಿ ಗುದ್ದಿಸಿಕೊಂಡಿದೆ. ಬಾನೆಟ್, ಫೆಂಡರ್ ಬೋಲ್ಟುಗಳ ತಲೆಯ ಮೇಲೆ ಸ್ಪ್ಯಾನರ್ ಆಡಿದ ಗುರುತು ಇದೆಯೇ, ಬಣ್ಣದಡಿ ಪುಟ್ಟಿ ತುಂಬಿ ಅಯಸ್ಕಾಂತ ಎಲ್ಲಿ ಹಿಡಿಯುವುದಿಲ್ಲ ಎಂಬುದೂ ಅದೇ ಕಥೆ ಹೇಳುತ್ತವೆ (ಬಂಪರ್ ಪ್ಲಾಸ್ಟಿಕ್, ಅಲ್ಲಿ ಹೇಗೂ ಹಿಡಿಯದು). ಗಾಜುಗಳ ಮೂಲೆಯ ತಯಾರಿಕೆ ಗುರುತು ಒಂದರಲ್ಲಿ ಮಾತ್ರ ಬೇರೆ ವರ್ಷವಿದ್ದರೆ ಯಾಕೆ ಎಂದು ಕೇಳಿ.

ಟೈರಿನ ಮೇಲಿನ ನಾಲ್ಕು ಅಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ: 2321 ಎಂದರೆ 2021ರ ಇಪ್ಪತ್ತಮೂರನೇ ವಾರ. ಐದು ವರ್ಷದ ಕಾರು, ಮೀಟರಿನಲ್ಲಿ ಇಪ್ಪತ್ತೈದು ಸಾವಿರ, ಆದರೆ ನಾಲ್ಕೂ ಟೈರು ಹೊಸವು ಎಂದಾದರೆ ಮೀಟರ್ ನಂಬಬೇಡಿ. ಪೆಡಲಿನ ರಬ್ಬರು, ಡ್ರೈವರ್ ಸೀಟಿನ ಬಲ ಅಂಚು, ಸ್ಟಿಯರಿಂಗಿನ ನುಣುಪು ಇವು ಮೀಟರಿಗಿಂತ ಪ್ರಾಮಾಣಿಕ.

ಸೀಟ್ ಬೆಲ್ಟನ್ನು ಪೂರ್ತಿ ಕೊನೆಯವರೆಗೆ ಎಳೆಯಿರಿ. ನೀರಿನ ಗೆರೆ, ಕೆಸರಿನ ಕಲೆ ಇದ್ದರೆ ಮುಳುಗಿದ ಕಾರು. ಹರಿಹರದಲ್ಲಿ ತುಂಗಭದ್ರೆ ಏರಿದಾಗ ನದಿಬದಿಯ ಬೀದಿಗಳಿಗೆ ನೀರು ನುಗ್ಗುವುದು ಗೊತ್ತಿರುವುದೇ. 2022ರ ಮಳೆಗೆ ಬೆಂಗಳೂರಿನಲ್ಲೂ ಬಹಳ ಕಾರುಗಳು ಮುಳುಗಿದ್ದವು. ಸೀಟಿನ ಕೆಳಗಿನ ಹಳಿಯಲ್ಲಿ ತುಕ್ಕು, ಕಾರ್ಪೆಟ್ ಅಡಿಯ ಮೆತ್ತೆಯಲ್ಲಿ ಮುಗ್ಗಲು ವಾಸನೆ ಇದ್ದರೆ ಎಷ್ಟೇ ಅಗ್ಗವಾದರೂ ಬೇಡ.

ವ್ಯಾಗನ್ ಆರ್, ಸೆಲೆರಿಯೊಗಳಲ್ಲಿ ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬದಲಾದವು ಸಿಗುತ್ತವೆ. ಆರ್‌ಸಿಯಲ್ಲಿ ಮಾಡೆಲ್ ಹೆಸರು "ಟೂರ್" ಎಂದಿದ್ದರೆ ಅದು ಟ್ಯಾಕ್ಸಿಯಾಗಿಯೇ ಹುಟ್ಟಿದ ಕಾರು. ಟ್ಯಾಕ್ಸಿಯಾಗಿತ್ತು ಎಂಬುದೇ ತಪ್ಪಲ್ಲ, ಮುಚ್ಚಿಟ್ಟು ಮನೆ ಕಾರಿನ ಬೆಲೆ ಕೇಳುವುದು ತಪ್ಪು.

ಓಡಿಸಿ ನೋಡುವಾಗ

ದಾವಣಗೆರೆ ಬಹುಪಾಲು ಸಮತಟ್ಟು. ಪಿ.ಬಿ. ರಸ್ತೆಯಲ್ಲಿ ಎರಡು ಸುತ್ತು ಹೊಡೆದರೆ ಕ್ಲಚ್ ಸವೆದದ್ದು ಗೊತ್ತಾಗುವುದಿಲ್ಲ. ಫ್ಲೈಓವರಿನ ಏರು ಸಿಕ್ಕರೆ, ದುರ್ಗದಲ್ಲಾದರೆ ಕೋಟೆ ಕಡೆಗೆ ಏರುವ ದಾರಿಯಲ್ಲಿ, ಮೂರನೇ ಗೇರಿನಲ್ಲಿ ಗಂಟೆಗೆ 30 ಕಿ.ಮೀ. ವೇಗದಿಂದ ಆಕ್ಸಲರೇಟರ್ ಒಮ್ಮೆಲೇ ಒತ್ತಿ. ಎಂಜಿನ್ ಕೂಗು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಎಎಂಟಿ ಗೇರಿನ (ಕ್ಲಚ್ ಪೆಡಲ್ ಇಲ್ಲದೆ ತಾನಾಗಿ ಗೇರ್ ಬದಲಾಗುವ) ಕಾರಾದರೆ ಏರಿನಲ್ಲಿ ನಿಲ್ಲಿಸಿ ಹೊರಡಿಸಿ, ರಿವರ್ಸ್–ಡ್ರೈವ್ ನಾಲ್ಕೈದು ಸಲ ಬದಲಿಸಿ. ತಡವರಿಸಿದರೆ, ನ್ಯೂಟ್ರಲ್‌ಗೆ ಬಿದ್ದರೆ ಗೇರ್ ಬದಲಿಸುವ ಆಕ್ಚುಯೇಟರಿನ ಖರ್ಚು ಸಣ್ಣ ಕಾರಿನ ಲೆಕ್ಕಕ್ಕೆ ತುಂಬಾ ಭಾರ.

ಆಮೇಲೆ ರೇಡಿಯೊ ಆರಿಸಿ, ಕಿಟಕಿ ಇಳಿಸಿ, ಒಡೆದ ರಸ್ತೆಯಲ್ಲಿ ಇಪ್ಪತ್ತರ ವೇಗದಲ್ಲಿ ಹೋಗಿ. ಮುಂದಿನಿಂದ ಬರುವ "ಕಟ ಕಟ" ಸದ್ದು ಲಿಂಕ್ ರಾಡ್ ಅಥವಾ ಲೋಯರ್ ಆರ್ಮ್ ಬುಷ್‌ನದು, ಕೈಗೆಟುಕುವ ಖರ್ಚು. ಸ್ಟಿಯರಿಂಗಿನಲ್ಲೇ ಬಡಿತ ಗೊತ್ತಾದರೆ ರ್‍ಯಾಕ್ ಸವೆದಿದೆ. ಹೆದ್ದಾರಿ 48ರಲ್ಲಿ ಎಂಬತ್ತರ ವೇಗದಲ್ಲಿ ಸ್ಟಿಯರಿಂಗ್ ಹಗುರವಾಗಿ ಹಿಡಿದು ನೋಡಿ, ಒಂದೇ ಕಡೆಗೆ ಎಳೆಯಬಾರದು. ವೇಗಕ್ಕೆ ತಕ್ಕಂತೆ ಏರುವ ಗುಂಯ್ ಎನ್ನುವ ಶಬ್ದ ವೀಲ್ ಬೇರಿಂಗಿನದು. ಎಸಿಯನ್ನು ಮಧ್ಯಾಹ್ನವೇ ನೋಡಬೇಕು. ಬೆಳಗಿನ ತಂಪಿನಲ್ಲಿ ಎಲ್ಲ ಎಸಿಯೂ ಚೆನ್ನಾಗೇ ಇರುತ್ತದೆ.

ಕಾಗದ

ಆರ್‌ಸಿಯಲ್ಲಿರುವ ಹೆಸರು ಮಾರುವವರದೇ ಆಗಿರಲಿ. ಚಾಸಿಸ್, ಎಂಜಿನ್ ನಂಬರನ್ನು ಕಾರಿನ ಮೇಲಿನದರ ಜೊತೆ ಒಂದೊಂದೇ ಅಕ್ಷರ ಹೋಲಿಸಿ. ಪರಿವಾಹನ್ ಜಾಲತಾಣದಲ್ಲಿ ಸಾಲದ ನಮೂದು, ಕಪ್ಪುಪಟ್ಟಿ, ಬಾಕಿ ದಂಡ ಮೂರನ್ನೂ ನೋಡಿ. ಸಾಲ ತೀರಿದ್ದರೂ ನಮೂದು ಉಳಿದಿದ್ದರೆ ಬ್ಯಾಂಕಿನ ಎನ್‌ಒಸಿ (ಆಕ್ಷೇಪವಿಲ್ಲ ಎಂಬ ಪತ್ರ) ಮತ್ತು ಸಾಲದ ನಮೂದು ತೆಗೆಸುವ ಫಾರಂ 35 ಕೈಗೆ ಬರುವ ತನಕ ಪೂರ್ತಿ ಹಣ ಕೊಡಬೇಡಿ. ವರ್ಗಾವಣೆಗೆ ಫಾರಂ 29, 30. ಸಹಿ ಮಾಡಿದ ಖಾಲಿ ಫಾರಂ ಇಟ್ಟುಕೊಂಡು ವರ್ಷಗಟ್ಟಲೆ ಓಡಿಸುವುದು ಇಬ್ಬರಿಗೂ ಅಪಾಯ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ.

ಕೆಎ-16 (ಚಿತ್ರದುರ್ಗ), ಕೆಎ-17 (ದಾವಣಗೆರೆ) ನಂಬರಿನ ಕಾರಿಗೆ ಇಲ್ಲಿನ ಹಳೆಯ ಸರ್ವಿಸ್ ದಾಖಲೆ ಸಿಗುವುದು ಸುಲಭ. ಆಂಧ್ರ, ದೆಹಲಿಯಿಂದ ಬಂದ ಕಾರು ಅಗ್ಗವಾಗಿ ಕಂಡರೆ ಕರ್ನಾಟಕದ ಜೀವಿತಾವಧಿ ತೆರಿಗೆ, ಅಲ್ಲಿನ ಎನ್‌ಒಸಿ ಸೇರಿಸಿ ಲೆಕ್ಕ ಹಾಕಿ, ಅಗ್ಗ ಉಳಿಯುವುದಿಲ್ಲ. ಹದಿನೈದು ವರ್ಷ ಮುಗಿಯುವ ಕಾರಿಗೆ ಆರ್‌ಸಿ ನವೀಕರಣದ ಶುಲ್ಕ, ಹಸಿರು ತೆರಿಗೆ, ಫಿಟ್ನೆಸ್‌ಗಾಗಿ ಮಾಡಿಸುವ ರಿಪೇರಿ ಎಲ್ಲ ನಿಮ್ಮ ತಲೆಗೆ.

ಹೊಸದೇ ಕೊಳ್ಳುವುದಾದರೆ

2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿನೊಳಗಿನ, 1200 ಸಿಸಿವರೆಗಿನ ಪೆಟ್ರೋಲ್ ಕಾರುಗಳ ಮೇಲಿನ ತೆರಿಗೆ ಸೆಸ್ ಸೇರಿ ಶೇ 29ರಿಂದ 18ಕ್ಕೆ ಇಳಿದಿದೆ. ಹೀಗಾಗಿ ಎರಡು ಮೂರು ವರ್ಷದ ಹಳೆಯ ಕಾರಿಗೆ "ನಾನು ಇಷ್ಟಕ್ಕೆ ತಂದಿದ್ದೆ" ಎಂದು ಅಂದಿನ ಬಿಲ್ ತೋರಿಸಿ ಬೆಲೆ ಹೇಳಿದರೆ ಒಪ್ಪಬೇಡಿ. ಅದೇ ಕಾರಿನ ಇಂದಿನ ಹೊಸ ಬೆಲೆ ಹಿಡಿದು ಕೆಳಗಿಳಿಯಿರಿ. ಮೂರು ವರ್ಷದೊಳಗಿನ ಆಲ್ಟೊ, ವ್ಯಾಗನ್ ಆರ್‌ಗಳು ಎಷ್ಟೋ ಸಲ ಹೊಸದಕ್ಕೆ ತೀರ ಹತ್ತಿರ ಬರುತ್ತವೆ, ಆಗ ಹೊಸದೇ ಲೇಸು.

ಶೋರೂಮಿನ ಕೊಟೇಶನ್‌ನಲ್ಲಿ ಎಕ್ಸ್ ಶೋರೂಂ ಬೆಲೆ, ರಸ್ತೆ ತೆರಿಗೆ, ವಿಮೆ ಬಿಟ್ಟು ಉಳಿದ ಸಾಲುಗಳನ್ನು ಒಂದೊಂದಾಗಿ ಪ್ರಶ್ನಿಸಿ. ಹ್ಯಾಂಡ್ಲಿಂಗ್ ಚಾರ್ಜ್ ಕೊಡಬೇಕಿಲ್ಲ, ವಿಮೆ ಹೊರಗಡೆ ಮಾಡಿಸಲು ನಿಮಗೆ ಹಕ್ಕಿದೆ. ನೋಂದಣಿಗೆ ಮುನ್ನವೇ ಹಗಲಲ್ಲಿ ಕಾರು ನೋಡಿ, ತಯಾರಾದ ತಿಂಗಳು, ಟೈರಿನ ವಾರ, ಬ್ಯಾಟರಿಯ ತಾರೀಖು ಬರೆದುಕೊಳ್ಳಿ. ನೋಂದಣಿಯಾದ ಮೇಲೆ ಕಾರು ಬದಲಿಸಿಕೊಡುವುದಿಲ್ಲ. ಮೈಲೇಜಿನ ಅಧಿಕೃತ ಅಂಕಿ ಪ್ರಯೋಗಶಾಲೆಯದು. ಆಲ್ಟೊ ಕೆ10ಗೆ ಲೀಟರಿಗೆ 24.39 ಕಿ.ಮೀ. ಎಂದಿದ್ದರೆ ಊರೊಳಗೆ ಎಸಿ ಹಾಕಿ ಹದಿನಾರು–ಹದಿನೆಂಟು ಬಂದರೆ ಕಾರು ಸರಿಯಿದೆ.

ಸುರಕ್ಷತೆಯಲ್ಲಿ ಮಾತ್ರ ಕಂಜೂಸಿ ಬೇಡ. ಹೆದ್ದಾರಿಯಲ್ಲಿ ಬೆಂಗಳೂರಿಗೂ ಹುಬ್ಬಳ್ಳಿಗೂ ಓಡಾಡುವ ಮನೆಗೆ ಎಬಿಎಸ್, ಎರಡು ಏರ್‌ಬ್ಯಾಗ್ ಕನಿಷ್ಠ. ಎಬಿಎಸ್ 2019ರ ಏಪ್ರಿಲ್‌ನಿಂದ, ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ 2022ರ ಜನವರಿಯಿಂದ ಕಡ್ಡಾಯವಾಗಿದೆ, ಹಳೆಯದನ್ನು ಕೊಳ್ಳುವಾಗಲೂ ಈ ತಾರೀಖುಗಳ ನಂತರದ್ದನ್ನೇ ಹುಡುಕಿ. ಕಾರನ್ನು ಗುದ್ದಿಸಿ ಸುರಕ್ಷತೆಗೆ ಐದರವರೆಗೆ ಸ್ಟಾರ್ ಕೊಡುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಟಿಯಾಗೊ 2020ರಲ್ಲಿ ನಾಲ್ಕು ಸ್ಟಾರ್ ಪಡೆದರೆ ವ್ಯಾಗನ್ ಆರ್ 2023ರಲ್ಲಿ ಒಂದೇ ಸ್ಟಾರ್ ಪಡೆಯಿತು. ಮೈಲೇಜ್, ಮರುಮಾರಾಟದ ಬೆಲೆ ಎಷ್ಟೇ ಚೆನ್ನಾಗಿದ್ದರೂ ಈ ಅಂತರವನ್ನು ಮನೆಯವರೆಲ್ಲ ಕೂತು ಯೋಚಿಸಬೇಕು.

ಬೆಲೆ ಕುದುರಿದ ಮೇಲೆ

ಕಂಡ ದೋಷಗಳನ್ನೆಲ್ಲ ಬರೆದು, ಒಂದೊಂದಕ್ಕೂ ನಿಮ್ಮ ಮೆಕ್ಯಾನಿಕ್ ಹೇಳಿದ ರಿಪೇರಿ ಮೊತ್ತ ಬರೆದು, ಆ ಚೀಟಿ ಮುಂದಿಟ್ಟು ಚೌಕಾಶಿ ಮಾಡಿ. ಬರೀ "ಸ್ವಲ್ಪ ಕಡಿಮೆ ಮಾಡಿ" ಎಂದರೆ ಐದು ಸಾವಿರ ಇಳಿದೀತು. ಟೈರು, ಕ್ಲಚ್, ಬ್ಯಾಟರಿ ಎಂದು ಲೆಕ್ಕ ಕೊಟ್ಟರೆ ಮಾರುವವರಿಗೂ ಒಪ್ಪಿಕೊಳ್ಳಲು ಕಾರಣ ಸಿಗುತ್ತದೆ. ಎರಡನೇ ಕೀ ಕೇಳುವುದನ್ನು ಮರೆಯಬೇಡಿ.

ವಿಮೆಯನ್ನು ಹದಿನಾಲ್ಕು ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ (ಪರಿಹಾರ ಕೇಳದ ವರ್ಷಗಳಿಗೆ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ, ಆ ವ್ಯತ್ಯಾಸದ ಹಣ ಕಟ್ಟಬೇಕಾಗುತ್ತದೆ. ಮೊದಲ ವಾರದಲ್ಲೇ ಆಯಿಲ್, ಫಿಲ್ಟರ್ ಬದಲಿಸಿ, ಕೂಲಂಟ್ ಪೂರ್ತಿ ಖಾಲಿ ಮಾಡಿಸಿ ತೊಳೆಸಿ. ಮತ್ತೆ ತುಂಬುವಾಗ ರೆಡಿಮಿಕ್ಸ್ ಕೂಲಂಟ್ ಹಾಕಿ, ಸಾಂದ್ರ ಕೂಲಂಟ್ ತಂದಿದ್ದರೆ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಬೆರೆಸಿ. ಡಿಸ್ಟಿಲ್ಡ್ ವಾಟರಿನ ಐದು ಲೀಟರ್ ಕ್ಯಾನ್ ಒಂದನ್ನು ಡಿಕ್ಕಿಯಲ್ಲೇ ಇಟ್ಟಿರಿ, ದಾರಿಯಲ್ಲಿ ನೀರು ಇಳಿದರೆ ಹೊಲದ ಬೋರ್‌ವೆಲ್ ಕಡೆ ಹೋಗಬೇಕಾಗುವುದಿಲ್ಲ.